ಗೋಥರ ಬಿಷಪ್ ಉಲ್ಫಿಲ: ಸೋತ ಪಕ್ಷದವನ ಬದುಕು ಮತ್ತು ನಂಬಿಕೆ

ಎಲ್ಲರಿಗೂ ನಮಸ್ಕಾರ. ಮಾತಾಡಿದ್ದನ್ನು ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ನಾಲ್ಕನೇ ಶತಮಾನದಲ್ಲಿ ಗೋಥರಿಗೆ, ಅಂದರೆ ರೋಮನ್ ಸಾಮ್ರಾಜ್ಯದ ಗಡಿಯಾಚೆಯ ಒಂದು ಜರ್ಮ್ಯಾನಿಕ್ ಜನಾಂಗಕ್ಕೆ, ಬಿಷಪ್ ಆಗಿದ್ದ ಉಲ್ಫಿಲನ ಬಗ್ಗೆ ಹೇಳಬೇಕೆಂದರೆ ಒಂದು ಪುಸ್ತಕದ ಅಂಚಿನಿಂದ ಶುರು ಮಾಡಬೇಕು. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಐದನೇ ಶತಮಾನದ ಒಂದು ಲ್ಯಾಟಿನ್ ಹಸ್ತಪ್ರತಿ ಇದೆ. ಅದರಲ್ಲಿ ಮಿಲಾನಿನ ಬಿಷಪ್ ಆಂಬ್ರೋಸನ ಬರಹ ಇದೆ, ಜೊತೆಗೆ 381ರಲ್ಲಿ ಇಟಲಿಯ ಅಕ್ವಿಲೇಯಾದಲ್ಲಿ ನಡೆದ ಒಂದು ಸಭೆಯ ನಡಾವಳಿ ಇದೆ. ಆ ಸಭೆಯಲ್ಲಿ ಆಂಬ್ರೋಸ್ ಮುಂದೆ ನಿಂತು, ತನ್ನ ನಂಬಿಕೆಗೆ ತಲೆಯಾಡಿಸದ ಬಿಷಪರನ್ನು ಪದವಿಯಿಂದ ಇಳಿಸಿದ್ದ. ಮಜಾ ಏನೆಂದರೆ, ಅದೇ ಪುಟಗಳ ಸುತ್ತಲಿನ ಖಾಲಿ ಜಾಗದಲ್ಲಿ ಸೋತ ಪಕ್ಷದವರ ಉತ್ತರವೂ ಬರೆದಿಟ್ಟಿದೆ. ಆ ಉತ್ತರ ಮ್ಯಾಕ್ಸಿಮಿನಸ್ ಎಂಬ ಬಿಷಪನದು. ಅವನು ತನ್ನ ವಾದಕ್ಕೆ ಬೆಂಬಲವಾಗಿ ಒಂದು ಹಳೆಯ ಪತ್ರವನ್ನು ಸೇರಿಸಿಕೊಂಡಿದ್ದಾನೆ. ಪತ್ರ ಬರೆದವನು ಡ್ಯೂರೊಸ್ಟೋರಮ್ಮಿನ ಬಿಷಪ್ ಆಕ್ಸೆಂಟಿಯಸ್. ಡ್ಯೂರೊಸ್ಟೋರಮ್ ಅಂದರೆ ಇವತ್ತಿನ ಬಲ್ಗೇರಿಯಾದ ಸಿಲಿಸ್ತ್ರಾ, ಡ್ಯಾನ್ಯೂಬ್ ನದಿಯ ದಡದ ಊರು. ಈ ಆಕ್ಸೆಂಟಿಯಸನನ್ನು ಅವನ ತಂದೆತಾಯಿ ಚಿಕ್ಕಂದಿನಲ್ಲೇ ಒಬ್ಬ ಗುರುವಿನ ಕೈಗೆ ಒಪ್ಪಿಸಿದ್ದರು. ಆ ಗುರು ಅವನನ್ನು ಮಗನ ಹಾಗೆ ಸಾಕಿದ, ಓದಿಸಿದ. ಪತ್ರ ಇರುವುದು ಆ ಗುರುವಿನ ಬಗ್ಗೆ. ಅವನೇ ಉಲ್ಫಿಲ.

ಅಂದರೆ ವಿರೋಧಿಯ ಪುಸ್ತಕದಲ್ಲಿ ಅಷ್ಟು ಅಗಲದ ಅಂಚು ಬಿಟ್ಟಿರದಿದ್ದರೆ, ಉಲ್ಫಿಲ ಏನನ್ನು ನಂಬಿದ್ದ ಅನ್ನುವುದು ಅವನದೇ ಮಾತಿನಲ್ಲಿ ನಮಗೆ ಸಿಗುತ್ತಲೇ ಇರಲಿಲ್ಲ.

ಸಾಮಾನ್ಯವಾಗಿ ಇವನ ಪರಿಚಯ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಗೋಥರ ಭಾಷೆಗೆ ಲಿಪಿ ಮಾಡಿದ, ಬೈಬಲ್ಲನ್ನು ಆ ಭಾಷೆಗೆ ತಂದ. ಆಮೇಲೆ ಸಣ್ಣ ದನಿಯಲ್ಲಿ ಒಂದು ಬಾಲ: 'ಆದರೆ ಏರಿಯನ್ ಪಂಥದವನು'. ಮಗನಾದ ಕ್ರಿಸ್ತ ತಂದೆ ದೇವರಿಗೆ ಸಮಾನನಲ್ಲ ಅನ್ನುವವರ ಪಂಥ ಅದು. ಲಿಪಿ ಹೆಮ್ಮೆಯದು, ನಂಬಿಕೆ ಮುಜುಗರದ್ದು ಅನ್ನೋ ಹಾಗೆ. ನನಗೆ ಈ ಬಾಲದ ಬಗ್ಗೆಯೇ ತಕರಾರು. ಉಲ್ಫಿಲ ದಾರಿ ತಪ್ಪಿದವನಲ್ಲ. ಅವನಿಗೆ ಬಿಷಪ್ ದೀಕ್ಷೆ ಸಿಕ್ಕಾಗ ಅವನ ನಂಬಿಕೆ ಸಾಮ್ರಾಜ್ಯದ ಪೂರ್ವ ಭಾಗದಲ್ಲಿ ನಡುಮನೆಯಲ್ಲೇ ಕೂತಿತ್ತು. ಅವನು ಸಾಯುವ ಹೊತ್ತಿಗೆ ಅದನ್ನು ಹೊರಗೆ ಹಾಕಿ ಬಾಗಿಲು ಹಾಕಿಯಾಗಿತ್ತು. ಆ ನಲವತ್ತು ವರ್ಷದಲ್ಲಿ ಅವನು ನಿಂತ ಜಾಗದಿಂದ ಕದಲಲಿಲ್ಲ.

ಹುಟ್ಟಿದ್ದು ಸುಮಾರು 311ರಲ್ಲಿ, ಡ್ಯಾನ್ಯೂಬಿನ ಉತ್ತರಕ್ಕೆ, ಗೋಥರ ನಾಡಿನಲ್ಲಿ. ಹೆಸರು ಗೋಥಿಕ್, ಆದರೆ ಮನೆತನ ಬೇರೆ ಕಡೆಯದು. ಮೂರನೇ ಶತಮಾನದ ನಡುವಿನಲ್ಲಿ ಗೋಥರು ಕಪ್ಪು ಸಮುದ್ರ ದಾಟಿ ಬಂದು ಏಷ್ಯಾ ಮೈನರಿನ ಊರುಗಳನ್ನು ದೋಚಿದರು, ಜನರನ್ನು ಸೆರೆ ಹಿಡಿದು ಒಯ್ದರು. ಹಾಗೆ ಹೋದವರಲ್ಲಿ ಕಪಡೋಕಿಯಾದ ಕ್ರೈಸ್ತರು ಬಹಳ ಜನ, ಅವರ ನಡುವೆ ಪಾದ್ರಿಗಳೂ ಇದ್ದರು. ಉಲ್ಫಿಲನ ಹಿರಿಯರು ಸದಗೊಲ್ತಿನಾ ಎಂಬ ಹಳ್ಳಿಯವರು, ಅದು ಪರ್ನಾಸಸ್ ಪಟ್ಟಣದ ಹತ್ತಿರ ಎಂದು ಫಿಲೊಸ್ಟೋರ್ಜಿಯಸ್ ಎಂಬ ಚರಿತ್ರಕಾರ ಬರೆದಿದ್ದಾನೆ. ಅವನೂ ಕಪಡೋಕಿಯಾದವನೇ, ಅದಕ್ಕೇ ಹಳ್ಳಿಯ ಹೆಸರಿನವರೆಗೂ ಗೊತ್ತು. ಇಲ್ಲೊಂದು ವಿಷಯ ಗಮನಿಸಿ. ಗೋಥರಿಗೆ ಕ್ರೈಸ್ತ ಧರ್ಮವನ್ನು ಮೊದಲು ಮುಟ್ಟಿಸಿದವರು ಯಾವ ಚರ್ಚೂ ಕಳಿಸಿದ ಮಿಷನರಿಗಳಲ್ಲ. ಸೆರೆಯಾಳುಗಳು. ತಮ್ಮನ್ನು ಹಿಡಿದು ತಂದವರ ಮನೆಯಲ್ಲಿ ದುಡಿಯುತ್ತಾ, ಪ್ರಾರ್ಥನೆ ಬಿಡದೆ, ಮಕ್ಕಳಿಗೆ ಹೇಳಿಕೊಡುತ್ತಾ ಬದುಕಿದವರು. ಉಲ್ಫಿಲ ಆ ಮನೆಗಳ ಮೂರನೇ ತಲೆಮಾರಿನ ಹುಡುಗ ಇರಬೇಕು.

ಮೂವತ್ತನೇ ವಯಸ್ಸಿನವರೆಗೆ ಅವನು ವಾಚಕ. ಆರಾಧನೆಯಲ್ಲಿ ಗ್ರಂಥ ಓದುವ ಕೆಲಸ. ಎದುರಿಗೆ ಕೂತವರಲ್ಲಿ ಗ್ರೀಕ್ ಮರೆತವರು, ಗ್ರೀಕ್ ಬಾರದವರು ಎಷ್ಟೋ ಜನ ಇದ್ದಿರಬೇಕು. ಓದಿದ್ದನ್ನು ಬಾಯಲ್ಲೇ ಗೋಥಿಕ್‌ಗೆ ತಿರುಗಿಸಿ ಹೇಳುತ್ತಾ ಹೇಳುತ್ತಾ ಅವನ ಅನುವಾದ ಹುಟ್ಟಿತು ಅಂತ ನನಗನಿಸುತ್ತದೆ. ಇದಕ್ಕೆ ದಾಖಲೆ ಕೇಳಬೇಡಿ, ಊಹೆ.

ಆಮೇಲೆ ಗೋಥರ ಒಂದು ನಿಯೋಗದ ಜೊತೆ ಸಾಮ್ರಾಜ್ಯಕ್ಕೆ ಬಂದ, ಅಲ್ಲಿ ನಿಕೊಮೀಡಿಯಾದ ಯೂಸೀಬಿಯಸ್ ಇವನಿಗೆ ಬಿಷಪ್ ದೀಕ್ಷೆ ಕೊಟ್ಟ. ವರ್ಷ 336 ಎನ್ನುವ ಪಂಡಿತರಿದ್ದಾರೆ, 341 ಎನ್ನುವವರೂ ಇದ್ದಾರೆ. ವರ್ಷಕ್ಕಿಂತ ಮುಖ್ಯ, ದೀಕ್ಷೆ ಕೊಟ್ಟವನು ಯಾರು ಅನ್ನುವುದು. ಈ ಯೂಸೀಬಿಯಸ್, ಏರಿಯನ್ ಪಂಥಕ್ಕೆ ಹೆಸರು ಕೊಟ್ಟ ಏರಿಯಸ್‌ನ ಗೆಳೆಯ. ಹಾಗಂತ ಮೂಲೆಗುಂಪಾದವನೇನಲ್ಲ. 337ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಸಾಯುವ ಮುಂಚೆ ದೀಕ್ಷಾಸ್ನಾನ ಮಾಡಿಸಿಕೊಂಡದ್ದು ಇದೇ ಯೂಸೀಬಿಯಸ್ ಕೈಯಲ್ಲಿ. ಆಮೇಲೆ ರಾಜಧಾನಿ ಕಾನ್‌ಸ್ಟಾಂಟಿನೋಪಲ್ಲಿನ ಬಿಷಪ್ ಆದವನು ಇವನೇ. ಅರಮನೆಗೆ ಇವನಿಗಿಂತ ಹತ್ತಿರದ ಬಿಷಪ್ ಇರಲಿಲ್ಲ ಅಂತಲೇ ಹೇಳಬಹುದು.

ಈಗ ಜಗಳದ ವಿಷಯಕ್ಕೆ ಬರೋಣ. ಅದು ಇಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ತಂದೆ ದೇವರು, ಮಗ ದೇವರು ಅಂತ ಎರಡೂ ಪಕ್ಷದವರು ಹೇಳುತ್ತಿದ್ದರು. ಮಗನನ್ನು ಇಬ್ಬರೂ ಪೂಜಿಸುತ್ತಿದ್ದರು. ಪ್ರಶ್ನೆ ಇದ್ದದ್ದು, ಇಬ್ಬರೂ ಸಮಾನರೇ ಅನ್ನುವುದು. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರು ಮಗನು ತಂದೆಯ ಜೊತೆ 'ಒಂದೇ ತತ್ವದವನು' ಎಂದು ವಿಶ್ವಾಸ ಪ್ರಮಾಣದಲ್ಲಿ ಬರೆದರು. ಅಷ್ಟಕ್ಕೇ ಗಲಾಟೆ ನಿಂತಿತು ಅಂತ ನಾವು ಓದಿರುತ್ತೇವೆ. ನಿಲ್ಲಲಿಲ್ಲ. ಜಾಸ್ತಿ ಆಯಿತು. 'ಒಂದೇ ತತ್ವ' ಅನ್ನುವ ಮಾತು ಬೈಬಲ್ಲಿನಲ್ಲಿ ಎಲ್ಲೂ ಇಲ್ಲ, ಇದನ್ನು ಯಾಕೆ ಒಳಗೆ ತಂದಿರಿ ಎಂದು ಪೂರ್ವದ ಬಹಳ ಬಿಷಪರು ಕೇಳಿದರು. 'ತಂದೆಯು ನನಗಿಂತ ದೊಡ್ಡವನು' ಎಂದು ಯೇಸುವೇ ಹೇಳಿದ್ದು ಯೋಹಾನನ ಸುವಾರ್ತೆಯಲ್ಲಿ ಇದೆಯಲ್ಲ, ಅದನ್ನೇನು ಮಾಡೋಣ ಅಂದರು. ಮುಂದಿನ ಐವತ್ತು ವರ್ಷ ಸಭೆಯ ಮೇಲೆ ಸಭೆ, ಪ್ರಮಾಣದ ಮೇಲೆ ಪ್ರಮಾಣ. ಈ ಗದ್ದಲದ ನಡುವೆಯೇ ಉಲ್ಫಿಲನ ಇಡೀ ಸೇವೆ ನಡೆದದ್ದು.

ಅವನನ್ನು ನೇಮಿಸಿದ್ದು ಗೋಥರ ನಾಡಿನಲ್ಲಿ ಈಗಾಗಲೇ ಇದ್ದ ಕ್ರೈಸ್ತರಿಗೆ ಬಿಷಪ್ ಆಗಿ. ಏಳು ವರ್ಷ ಅಲ್ಲಿ ಕೆಲಸ ಮಾಡಿದ. ಆಮೇಲೆ ಒಬ್ಬ ಗೋಥ ಒಡೆಯ ಕ್ರೈಸ್ತರ ಮೇಲೆ ತಿರುಗಿಬಿದ್ದ, ಸಾವುಗಳಾದವು. ಆ ಹಿಂಸೆಯ ವಿವರ ಆಕ್ಸೆಂಟಿಯಸ್ ಜಾಸ್ತಿ ಕೊಡುವುದಿಲ್ಲ. ಆದರೆ ಇಪ್ಪತ್ತು ಚಿಲ್ಲರೆ ವರ್ಷದ ನಂತರ ಅದೇ ನಾಡಿನಲ್ಲಿ ನಡೆದ ಇನ್ನೊಂದು ಹಿಂಸೆಯ ಕಥೆ ನಮ್ಮಲ್ಲಿದೆ, ಸಬಾ ಎಂಬ ಗೋಥನದು. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಡ್ಯಾನ್ಯೂಬಿನ ಆಚೆ ಒಂದು ಹಳ್ಳಿ ಹೇಗಿತ್ತು ಅನ್ನುವುದು ಇಷ್ಟು ಹತ್ತಿರದಿಂದ ಬೇರೆಲ್ಲೂ ಕಾಣುವುದಿಲ್ಲ.

ಮೇಲಿನಿಂದ ಹುಕುಂ ಬಂತು: ಕ್ರೈಸ್ತರು ಎಲ್ಲರೆದುರು ಬಲಿಯ ಮಾಂಸ ತಿನ್ನಬೇಕು. ಹಳ್ಳಿಯ ಹಳೇ ದೇವರುಗಳನ್ನು ನಂಬುವವರಿಗೆ ತಮ್ಮ ನೆಂಟರನ್ನು ಒಪ್ಪಿಸಲು ಇಷ್ಟವಿಲ್ಲ. ಅವರೇ ಒಂದು ಉಪಾಯ ಮಾಡಿದರು. ಬಲಿ ಕೊಡದ ಮಾಂಸವನ್ನೇ ಬಲಿಯದ್ದು ಅಂತ ತಂದಿಡೋಣ, ನಮ್ಮವರು ತಿನ್ನಲಿ, ಅಧಿಕಾರಿಗಳಿಗೂ ಸಮಾಧಾನ. ಎಂಥ ಒಳ್ಳೆ ಜನ ಅಲ್ವಾ? ಸಬಾ ಇದಕ್ಕೆ ಒಪ್ಪಲಿಲ್ಲ. ಸುಮ್ಮನಿರಲೂ ಇಲ್ಲ. ಇದನ್ನು ತಿಂದವನು ಕ್ರೈಸ್ತನೇ ಅಲ್ಲ ಎಂದು ನಡುವೆ ನಿಂತು ಸಾರಿದ. ಊರವರು ಸಿಟ್ಟಿನಲ್ಲಿ ಅವನನ್ನು ಹೊರಗೆ ಹಾಕಿದರು, ಆಮೇಲೆ ಮನಸ್ಸು ತಡೆಯದೆ ಒಳಗೆ ಬಿಟ್ಟುಕೊಂಡರು. ಎರಡನೇ ಸಲ ತಪಾಸಣೆ ಬಂದಾಗ, ನಮ್ಮೂರಲ್ಲಿ ಕ್ರೈಸ್ತರೇ ಇಲ್ಲ ಎಂದು ಆಣೆ ಮಾಡಲು ಊರವರು ಸಿದ್ಧರಾದರು. ಸಬಾ ಮತ್ತೆ ಎದ್ದು, ನನ್ನ ಪರವಾಗಿ ಯಾರೂ ಆಣೆ ಮಾಡಬೇಡಿ, ನಾನು ಕ್ರೈಸ್ತ ಅಂದ. ಆಗ ಅವರು ಒಬ್ಬನೇ ಇದ್ದಾನೆ ಅಂತ ಆಣೆ ಮಾಡಿದರು. ಬಂದಿದ್ದ ಅಧಿಕಾರಿ, ಇವನಿಗೆ ಆಸ್ತಿಪಾಸ್ತಿ ಏನಿದೆ ಅಂತ ಕೇಳಿದ. ಮೈಮೇಲಿನ ಬಟ್ಟೆ ಬಿಟ್ಟರೆ ಏನೂ ಇಲ್ಲ ಅಂದರು. ಹಾಗಾದರೆ ಇಂಥವನಿಂದ ಉಪಕಾರವೂ ಇಲ್ಲ, ಅಪಕಾರವೂ ಇಲ್ಲ ಅಂತ ಹೊರಗೆ ದಬ್ಬಿಸಿದ. ಮೂರನೇ ಸಲ ಬದುಕಲಿಲ್ಲ. 372ರ ಏಪ್ರಿಲ್ 12ರಂದು ಅವನನ್ನು ನದಿಯಲ್ಲಿ ಮುಳುಗಿಸಿ ಕೊಂದರು. ಅದು ಇಂದಿನ ರೊಮೇನಿಯಾದ ಬುಜೌ ನದಿ. ಅವನಿಗೆ 38 ವರ್ಷ. ಕೊಲ್ಲಲು ಕರೆದೊಯ್ದವರೇ ಬಿಟ್ಟುಬಿಡೋಣ ಅಂತ ಮಾತಾಡಿಕೊಂಡರಂತೆ, ನಿಮಗೆ ಹೇಳಿದ ಕೆಲಸ ಮಾಡಿ ಎಂದು ಇವನೇ ಹೇಳಿದನಂತೆ. ದೇಹದ ಅವಶೇಷವನ್ನು ಆಮೇಲೆ ಕಪಡೋಕಿಯಾಕ್ಕೆ ಕಳಿಸಿದರು. ನೋಡಿ, ಮತ್ತೆ ಅದೇ ಸೀಮೆ.

ಉಲ್ಫಿಲ ಸಬಾನ ಹಾಗಲ್ಲ. ತನ್ನ ಜನರನ್ನು ಕಟ್ಟಿಕೊಂಡು ನದಿ ದಾಟಿದ. ಸುಮಾರು 347 ಅಥವಾ 348ರಲ್ಲಿ ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್ ಅವರನ್ನು ಗೌರವದಿಂದ ಬರಮಾಡಿಕೊಂಡು ನಿಕೊಪೊಲಿಸ್ ಸುತ್ತಮುತ್ತ ಜಾಗ ಕೊಟ್ಟ. ಉತ್ತರ ಬಲ್ಗೇರಿಯಾದ ನಿಕ್ಯುಪ್ ಹಳ್ಳಿಯ ಪಕ್ಕ ಆ ಪಟ್ಟಣದ ಅವಶೇಷ ಈಗಲೂ ಇದೆ. ಚಕ್ರವರ್ತಿ ಇವನನ್ನು 'ನಮ್ಮ ಕಾಲದ ಮೋಶೆ' ಎಂದು ಕರೆಯುತ್ತಿದ್ದನಂತೆ. ಬೈಬಲ್ಲಿನ ಮೋಶೆಯ ಹಾಗೆ ಜನರನ್ನು ನೀರು ದಾಟಿಸಿ ಕರೆತಂದವನಿಗೆ ಆ ಹೆಸರು ಬರುವುದು ಸಹಜ. ಅಲ್ಲಿಂದ ಮುಂದೆ 33 ವರ್ಷ ಅವನು ಅಲ್ಲೇ ಇದ್ದ. ಬಿಷಪ್ ಮಾತ್ರ ಅಲ್ಲ, ಊರ ಯಜಮಾನನೂ ಅವನೇ ಆಗಿದ್ದ ಹಾಗೆ ಕಾಣುತ್ತದೆ. ಇನ್ನೂರು ವರ್ಷದ ನಂತರ ಯೊರ್ಡಾನೆಸ್ ಎಂಬ ಬರಹಗಾರ ಈ ಜನರ ಬಗ್ಗೆ ಹೇಳುತ್ತಾನೆ: ಸಂಖ್ಯೆ ದೊಡ್ಡದು, ಆದರೆ ಬಡವರು, ಯುದ್ಧದ ಗೊಡವೆ ಇಲ್ಲ, ದನಕುರಿ ಬಿಟ್ಟರೆ ಬೇರೆ ಸಂಪತ್ತಿಲ್ಲ, ಗೋಧಿ ಕಡಿಮೆ, ಹೆಚ್ಚಿನವರು ಕುಡಿಯುವುದು ಹಾಲು. ರೋಮನ್ನು ನಡುಗಿಸಿದ ಗೋಥರ ಬಗ್ಗೆ ಓದಿದವರಿಗೆ ಇವರೂ ಗೋಥರೇ ಅಂದರೆ ನಂಬುವುದು ಕಷ್ಟ.

ಲಿಪಿ, ಅನುವಾದ ಎರಡೂ ಈ ವರ್ಷಗಳದ್ದು. ಗೋಥರಿಗೆ ಅದಕ್ಕೆ ಮುಂಚೆ ರೂನ್ ಅಕ್ಷರ ಗೊತ್ತಿತ್ತು, ಉಂಗುರ, ಆಯುಧದ ಮೇಲೆ ನಾಲ್ಕು ಅಕ್ಷರ ಕೆತ್ತುವುದಕ್ಕೆ. ಪುಸ್ತಕ ಬರೆಯುವುದಕ್ಕಲ್ಲ. ಉಲ್ಫಿಲ 27 ಅಕ್ಷರಗಳ ಲಿಪಿ ಮಾಡಿದ. ಬಹುಪಾಲು ಗ್ರೀಕಿನಿಂದ, ಕೆಲವು ಲ್ಯಾಟಿನ್ನಿಂದ, ಒಂದೆರಡರಲ್ಲಿ ರೂನಿನ ನೆರಳು. ಅದರಲ್ಲಿ ಎರಡು ಅಕ್ಷರ ಬರೀ ಅಂಕಿಗೆ, 90 ಮತ್ತು 900ಕ್ಕೆ. ನಮ್ಮ ಕಿಟೆಲ್ ಅವರ ಜೊತೆ ಇವನನ್ನು ಹೋಲಿಸುವವರಿದ್ದಾರೆ. ಆದರೆ ಕಿಟೆಲ್ 1894ರಲ್ಲಿ ನಿಘಂಟು ಹೊರತಂದಾಗ ಬೆನ್ನಿಗೆ ಸಾವಿರ ವರ್ಷದ ಕನ್ನಡ ಸಾಹಿತ್ಯ ಇತ್ತು, ಕೇಶಿರಾಜನ ವ್ಯಾಕರಣ ಇತ್ತು. ಉಲ್ಫಿಲನಿಗೆ ಇದ್ದದ್ದು ಜನರ ಬಾಯಿ ಮಾತ್ರ. ಅವನ ಪ್ರಭುವಿನ ಪ್ರಾರ್ಥನೆ ಹೀಗೆ ಶುರುವಾಗುತ್ತದೆ: 'ಅತ್ತ ಉನ್ಸರ್ ಥು ಇನ್ ಹಿಮಿನಮ್, ವೀಹ್ನೈ ನಮೋ ಥೀನ್.' ಗಟ್ಟಿಯಾಗಿ ಒಮ್ಮೆ ಓದಿ ನೋಡಿ. ಪ್ರಾರ್ಥನೆ ಗೊತ್ತಿರುವವರಿಗೆ ಅರ್ಥ ಹೇಳಬೇಕಾಗಿಲ್ಲ.

ಅವನು ಇಡೀ ಬೈಬಲ್ಲನ್ನು ಅನುವಾದಿಸಿ, ಅರಸುಗಳ ಪುಸ್ತಕಗಳನ್ನು ಮಾತ್ರ ಬಿಟ್ಟ ಎಂದು ಫಿಲೊಸ್ಟೋರ್ಜಿಯಸ್ ಹೇಳುತ್ತಾನೆ. ಆ ಪುಸ್ತಕಗಳ ತುಂಬ ಯುದ್ಧ, ಗೋಥರಿಗೆ ಮೊದಲೇ ಯುದ್ಧದ ಹುಚ್ಚು, ಅವರಿಗೆ ಬೇಕಾದದ್ದು ಕಡಿವಾಣ ಎಂದು ಕಾರಣ. ಚೆಂದದ ಕಥೆ. ಎಲ್ಲ ಕಡೆ ಇದನ್ನೇ ಹೇಳುತ್ತಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ಯೆಹೋಶುವ, ನ್ಯಾಯಸ್ಥಾಪಕರು ಓದಿದವರು ಹೇಳಿ, ಅಲ್ಲಿ ರಕ್ತ ಕಡಿಮೆಯೇ? ಅವನ್ನು ಬಿಡದೆ ಅರಸುಗಳನ್ನು ಮಾತ್ರ ಯಾಕೆ ಬಿಟ್ಟ? ಹಳೆಯ ಒಡಂಬಡಿಕೆಯಲ್ಲಿ ಗೋಥಿಕ್‌ನಲ್ಲಿ ಉಳಿದಿರುವುದು ನೆಹೆಮೀಯದ ಕೆಲವು ಭಾಗ ಬಿಟ್ಟರೆ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ತಾಳೆ ನೋಡುವುದಕ್ಕೂ ದಾರಿ ಇಲ್ಲ. ಇನ್ನೂ ಒಂದು: ಫಿಲೊಸ್ಟೋರ್ಜಿಯಸನ ಚರಿತ್ರೆಯೇ ಪೂರ್ತಿ ಉಳಿದಿಲ್ಲ. ಒಂಬತ್ತನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಧರ್ಮಾಧ್ಯಕ್ಷ ಫೋಟಿಯಸ್ ಮಾಡಿದ ಸಂಗ್ರಹವೇ ನಮಗೆ ಮುಖ್ಯ ಆಧಾರ. ಆ ಫೋಟಿಯಸ್‌ಗೆ ಈ ಲೇಖಕನನ್ನು ಕಂಡರೆ ಆಗದು, ಪುಟಪುಟಕ್ಕೂ ಬೈಯುತ್ತಾನೆ. ಇಲ್ಲೂ ಉಲ್ಫಿಲ ನಮಗೆ ತಲುಪಿದ್ದು ಆಗದವರ ಕೈ ದಾಟಿಯೇ.

ಈಗ ಒಂದು ನಿಜವಾದ ಪ್ರಶ್ನೆ. ತನ್ನ ಪಂಥಕ್ಕೆ ಬೇಕಾದ ಹಾಗೆ ಅವನು ಬೈಬಲ್ಲನ್ನು ತಿರುಚಿದನೇ? ಎಲ್ಲರೂ ಬೊಟ್ಟು ಮಾಡುವ ಜಾಗ ಒಂದು, ಫಿಲಿಪ್ಪಿಯವರಿಗೆ ಬರೆದ ಪತ್ರ, ಎರಡನೇ ಅಧ್ಯಾಯ, ಆರನೇ ವಚನ. ಕ್ರಿಸ್ತನು ದೇವರಿಗೆ ಸಮಾನನಾಗಿರುವ ವಿಷಯ ಅಲ್ಲಿ ಬರುತ್ತದೆ. ಗ್ರೀಕಿನಲ್ಲಿ 'ಸಮ' ಅನ್ನುವ ಅರ್ಥದ ಪದ ಇದೆ. ಗೋಥಿಕ್ ಅನುವಾದದಲ್ಲಿ ಅದು 'ಗಾಲೀಕೋ ಗುಡ' ಆಗಿದೆ, ದೇವರ ಹಾಗೆ, ದೇವರಿಗೆ ಹೋಲುವಂತೆ ಅಂತ. ಸಮ ಅನ್ನಲು ಗೋಥಿಕ್‌ನಲ್ಲಿ ಬೇರೆ ಪದ ಇತ್ತು. ಲೂಕನ ಸುವಾರ್ತೆಯಲ್ಲಿ, ಪುನರುತ್ಥಾನವಾದವರು ದೇವದೂತರಿಗೆ ಸಮಾನರು ಎನ್ನುವಲ್ಲಿ ಅದನ್ನೇ ಬಳಸಿದೆ. ಹಾಗಾಗಿ ಇಲ್ಲಿ ಬೇಕೆಂತಲೇ ಮಾಡಿದ್ದು ಅನ್ನಿಸಿದರೆ ತಪ್ಪಿಲ್ಲ. 'ಹೋಲುವವನು' ಅನ್ನುವುದೇ ಅವನ ಪಕ್ಷದ ಘೋಷಣೆ ಬೇರೆ. ಆದರೆ ಇದೊಂದನ್ನೇ ಹಿಡಿದು ಜಗ್ಗುವವರು ಯೋಹಾನನ ಹತ್ತನೇ ಅಧ್ಯಾಯ ನೋಡುವುದಿಲ್ಲ. 'ನಾನೂ ತಂದೆಯೂ ಒಂದಾಗಿದ್ದೇವೆ' ಅನ್ನುವುದು ನೈಸಿಯಾ ಪಕ್ಷದವರ ಬ್ರಹ್ಮಾಸ್ತ್ರ. ಅದು ಗೋಥಿಕ್‌ನಲ್ಲಿ ಉಳಿದಿದೆ, ಇದ್ದದ್ದು ಇದ್ದ ಹಾಗೆ. ಒಂದು ಅಕ್ಷರ ಮಸುಕು ಮಾಡಿಲ್ಲ. ನನ್ನ ಲೆಕ್ಕದಲ್ಲಿ ಅವನು ಪ್ರಾಮಾಣಿಕ ಅನುವಾದಕ, ಒಂದು ಕಡೆ ಮಾತ್ರ ಕೈ ನಡುಗಿದೆ.

360ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಸಭೆ ಸೇರಿತು. ತತ್ವ ಗಿತ್ವ ಅನ್ನುವ ಮಾತೇ ಬೇಡ, ಮಗನು ತಂದೆಗೆ ಹೋಲುವವನು, ಗ್ರಂಥಗಳು ಹೇಳುವಷ್ಟೇ ಹೇಳಿ ಮುಗಿಸೋಣ ಎಂದು ಅಲ್ಲಿ ತೀರ್ಮಾನವಾಯಿತು. ಚಕ್ರವರ್ತಿಗೂ ಅದೇ ಬೇಕಿತ್ತು. ಉಲ್ಫಿಲ ಅಲ್ಲಿ ಕೂತು ಸಹಿ ಹಾಕಿದ. ಮುಂದೆ ಐದನೇ ಶತಮಾನದಲ್ಲಿ, ನೈಸಿಯಾ ಪಕ್ಷ ಗೆದ್ದ ಮೇಲೆ ಚರಿತ್ರೆ ಬರೆದವರಿಗೆ ಇದೊಂದು ತಲೆನೋವಾಯಿತು. ಇಷ್ಟು ದೊಡ್ಡ ಮನುಷ್ಯ ಆ ಕಡೆ ಹೇಗೆ ಹೋದ? ಅಲ್ಲಿಯವರೆಗೆ ನಮ್ಮವನೇ ಆಗಿದ್ದ, ಆ ಸಭೆಯಲ್ಲಿ ಹೋಗಿಬಿಟ್ಟ ಎಂದು ಸಾಕ್ರಟೀಸ್ ಎಂಬ ಚರಿತ್ರಕಾರ ಬರೆದ. ಅಥೆನ್ಸಿನ ಆ ಸಾಕ್ರಟೀಸ್ ಅಲ್ಲ. ಇನ್ನೊಬ್ಬ ಚರಿತ್ರಕಾರ ಥಿಯೊಡೊರೆಟ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಯುಡಾಕ್ಸಿಯಸ್ ಎಂಬ ಬಿಷಪ್ ಇವನಿಗೆ ಹಣ ಕೊಟ್ಟು, ಇದು ಬರೀ ಬಾಯಿಜಗಳ, ನಂಬಿಕೆಯಲ್ಲಿ ವ್ಯತ್ಯಾಸ ಇಲ್ಲ ಅಂತ ಒಪ್ಪಿಸಿದ ಅಂದ. ಅಂದರೆ ಮೋಸ ಹೋದ ಮುಗ್ಧ. ಆದರೆ ಅದೇ ಥಿಯೊಡೊರೆಟ್ ಒಂದು ಒಳ್ಳೆಯ ಸಂಗತಿಯನ್ನೂ ಬಿಟ್ಟುಹೋಗಿದ್ದಾನೆ. ತಂದೆ ಮಗನಿಗಿಂತ ದೊಡ್ಡವನು ಎಂದು ಗೋಥರು ಹೇಳುತ್ತಾರೆ, ಆದರೆ ಮಗನನ್ನು ಸೃಷ್ಟಿಯಾದ ಜೀವಿ ಎಂದು ಕರೆಯಲು ಮಾತ್ರ ಒಪ್ಪುವುದಿಲ್ಲ, ಅಂತ.

ಇವರೆಲ್ಲರಿಗೂ ಉತ್ತರ ಆ ಅಂಚಿನ ಪತ್ರದಲ್ಲಿದೆ. ಸಾಯುವ ಹೊತ್ತಿನಲ್ಲಿ ಉಲ್ಫಿಲ ತನ್ನ ಜನರಿಗೆ ಬಿಟ್ಟ ವಿಶ್ವಾಸ ಪ್ರಮಾಣವನ್ನು ಆಕ್ಸೆಂಟಿಯಸ್ ಅದರಲ್ಲಿ ಕೊಟ್ಟಿದ್ದಾನೆ. ಮೊದಲ ಮಾತೇ ಹೀಗಿದೆ: ಬಿಷಪನೂ ನಂಬಿಕೆಗಾಗಿ ನೊಂದವನೂ ಆದ ಉಲ್ಫಿಲ ಎಂಬ ನಾನು ಯಾವಾಗಲೂ ಹೀಗೆಯೇ ನಂಬಿದ್ದೇನೆ. 'ಯಾವಾಗಲೂ' ಅನ್ನುವುದನ್ನು ಸುಮ್ನೆ ಹಾಕಿದ್ದಲ್ಲ. ಮುಂದಿನದರ ಸಾರ ಇದು. ಒಬ್ಬನೇ ದೇವರು, ತಂದೆ. ಅವನೊಬ್ಬನೇ ಯಾರಿಂದಲೂ ಹುಟ್ಟದವನು, ಕಣ್ಣಿಗೆ ಕಾಣದವನು. ಅವನ ಒಬ್ಬನೇ ಮಗ ನಮ್ಮ ಕರ್ತನೂ ನಮ್ಮ ದೇವರೂ ಆದವನು, ಎಲ್ಲ ಸೃಷ್ಟಿಯನ್ನು ಮಾಡಿದವನು, ಅವನಂಥವನು ಇನ್ನೊಬ್ಬನಿಲ್ಲ. ಹಾಗಾಗಿ ತಂದೆ ನಮ್ಮ ದೇವರಿಗೂ ದೇವರು. ಪವಿತ್ರಾತ್ಮ ಬೆಳಕು ಕೊಡುವ, ಪಾವನಗೊಳಿಸುವ ಶಕ್ತಿ, ಆದರೆ ದೇವರಲ್ಲ, ಕ್ರಿಸ್ತನ ಸೇವಕ. ಆತ್ಮ ಎಲ್ಲದರಲ್ಲೂ ಮಗನಿಗೆ ಅಧೀನ, ಮಗ ಎಲ್ಲದರಲ್ಲೂ ತಂದೆಗೆ ಅಧೀನ.

ಏರಿಯನ್ ಪಂಥ ಅಂದರೆ ಕ್ರಿಸ್ತನನ್ನು ಬರೀ ಮನುಷ್ಯನನ್ನಾಗಿ ಮಾಡುವವರು ಅಂದುಕೊಂಡಿದ್ದರೆ ಈ ಸಾಲುಗಳನ್ನು ಇನ್ನೊಮ್ಮೆ ಓದಬೇಕು. ಇವನ ಕ್ರಿಸ್ತ ಸಣ್ಣವನಲ್ಲ. ತಂದೆ ಸೃಷ್ಟಿಕರ್ತನ ಸೃಷ್ಟಿಕರ್ತ, ಮಗ ಇಡೀ ಸೃಷ್ಟಿಯ ಕರ್ತ ಎಂದು ಉಲ್ಫಿಲ ಬೋಧಿಸುತ್ತಿದ್ದ ಅಂತ ಪತ್ರ ಹೇಳುತ್ತದೆ. ನಕ್ಷತ್ರದಿಂದ ಹುಲ್ಲುಕಡ್ಡಿಯವರೆಗೆ ಎಲ್ಲವೂ ಮಗನ ಕೈಕೆಲಸ. ತಂದೆ ನೇರವಾಗಿ ಮಾಡಿದ್ದು ಒಂದೇ, ಮಗನನ್ನು. ಪುನರುತ್ಥಾನದ ಬೆಳಿಗ್ಗೆ ಯೇಸು ಮಗ್ದಲದ ಮರಿಯಳಿಗೆ 'ನನ್ನ ದೇವರೂ ನಿಮ್ಮ ದೇವರೂ' ಅಂದನಲ್ಲ, ಆ ಮಾತನ್ನು ಇವನ ಪಕ್ಷದವರು ಅಕ್ಷರಶಃ ತೆಗೆದುಕೊಂಡರು. ಅವರಿಗೆ ಹೆದರಿಕೆ ಇದ್ದದ್ದು ಮಗ ಕೆಳಗಾಗುತ್ತಾನೆ ಅನ್ನುವುದಕ್ಕಲ್ಲ. ಇಬ್ಬರು ಹುಟ್ಟಿಲ್ಲದವರು ಆದರೆ ಇಬ್ಬರು ದೇವರಾಗುತ್ತಾರಲ್ಲ, ಆಗ ಒಬ್ಬನೇ ದೇವರು ಅನ್ನುವ ಮೊದಲ ಮಾತೇ ಬಿದ್ದುಹೋಗುತ್ತದಲ್ಲ ಅನ್ನುವ ಹೆದರಿಕೆ. ನನಗೆ ಇವರ ಉತ್ತರ ಪೂರ್ತಿ ಒಪ್ಪಿಗೆಯಿಲ್ಲ. ಪೂಜಿಸಬಹುದಾದ ಎರಡನೇ ದೇವರೊಬ್ಬನನ್ನು ಇಟ್ಟುಕೊಂಡು ಒಬ್ಬನೇ ದೇವರು ಅನ್ನುವುದು ಹೇಗೆ ಅನ್ನುವ ಪ್ರಶ್ನೆ ಇವರಿಗೂ ತಿರುಗಿ ಬರುತ್ತದೆ. ಆದರೆ ಹೆದರಿಕೆ ನ್ಯಾಯವಾದದ್ದು.

ಹಾಗಂತ ಉಲ್ಫಿಲ ಮೆತ್ತಗಿನ ಮನುಷ್ಯ ಅಂದುಕೊಳ್ಳಬೇಡಿ. ಎಲ್ಲರನ್ನೂ ಒಳಗೊಳ್ಳುವ ಉದಾರಿಯಂತೂ ಅಲ್ಲವೇ ಅಲ್ಲ. ಮಾನಿ, ಮಾರ್ಸಿಯನ್, ಸಬೆಲ್ಲಿಯಸ್ ಎಂಬ ಬೇರೆ ಬೇರೆ ಗುರುಗಳ ಪಂಥದವರು, 'ಒಂದೇ ತತ್ವ' ಅನ್ನುವವರು, 'ಅಂಥದೇ ತತ್ವ' ಅನ್ನುವವರು, ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಇವರು ಕ್ರೈಸ್ತರೇ ಅಲ್ಲ, ಕ್ರಿಸ್ತವಿರೋಧಿಗಳು ಎಂದು ಬೈಯುತ್ತಿದ್ದ. ಅವನ ಕೈಗೆ ಅಧಿಕಾರ ಸಿಕ್ಕಿದ್ದರೆ ಆಂಬ್ರೋಸ್ ಮಾಡಿದ್ದನ್ನೇ ಇವನೂ ಮಾಡುತ್ತಿದ್ದ ಅಂತ ನನಗೆ ಅನುಮಾನ. ಗ್ರೀಕ್, ಲ್ಯಾಟಿನ್, ಗೋಥಿಕ್ ಮೂರರಲ್ಲೂ ಬೋಧಿಸಿದ, ಮೂರರಲ್ಲೂ ಪುಸ್ತಕ ಬರೆದ. ಒಂದೂ ಉಳಿದಿಲ್ಲ.

ಉಳಿದ ಗೋಥರ ಕಥೆ ಬೇಗ ಹೇಳುತ್ತೇನೆ. 376ರಲ್ಲಿ ಹೂಣರ ಹೊಡೆತ ತಾಳಲಾರದೆ ಗೋಥರ ದೊಡ್ಡ ಗುಂಪುಗಳು ಡ್ಯಾನ್ಯೂಬ್ ದಾಟಿದವು. ಆಗ ಪೂರ್ವದ ಚಕ್ರವರ್ತಿ ವೇಲೆನ್ಸ್, ಅವನೂ 'ಹೋಲುವವನು' ಪಕ್ಷದವನೇ. ಗೋಥ ನಾಯಕ ಫ್ರಿಟಿಗರ್ನ್ ಚಕ್ರವರ್ತಿಯ ಧರ್ಮ ಹಿಡಿದ. ಎರಡು ವರ್ಷದ ನಂತರ, 378ರ ಆಗಸ್ಟ್ 9ರಂದು ಏಡ್ರಿಯನೋಪಲ್ ಯುದ್ಧದಲ್ಲಿ ಅದೇ ಗೋಥರು ವೇಲೆನ್ಸನನ್ನು ಮುಗಿಸಿದರು. ಗೋಥರ ಗುಣಕ್ಕೆ, ಅವರ ವೀರರ ಪದ್ಧತಿಗೆ ಏರಿಯನ್ ದೇವರು ಹೊಂದುತ್ತಿದ್ದ, ಅದಕ್ಕೇ ಒಪ್ಪಿದರು ಎಂದು ಕೆಲವು ಹಳೆಯ ಪುಸ್ತಕಗಳಲ್ಲಿ ಬರೆದಿರುತ್ತದೆ. ಸುಮ್ನೆ ಮಾತು. ಅವರು ಬಂದಾಗ ಅ‍ರಮನೆಯಲ್ಲಿ ಯಾವ ನಂಬಿಕೆ ಇತ್ತೋ ಅದನ್ನು ತೆಗೆದುಕೊಂಡರು. ಕೈಗೆ ಸಿದ್ಧ ಬೈಬಲ್ಲೂ, ತಮ್ಮದೇ ಭಾಷೆಯ ಆರಾಧನೆಯೂ ಉಲ್ಫಿಲನ ಕಡೆಯಿಂದ ಸಿಕ್ಕಿತು. ಐದಾರು ವರ್ಷ ತಡವಾಗಿ ಬಂದಿದ್ದರೆ ಯುರೋಪಿನ ಚರಿತ್ರೆಯೇ ಬೇರೆ ಇರುತ್ತಿತ್ತು.

ಯಾಕೆಂದರೆ 380ರ ಫೆಬ್ರುವರಿಯಲ್ಲಿ ಹೊಸ ಚಕ್ರವರ್ತಿ ಥಿಯೊಡೋಸಿಯಸ್ ಥೆಸಲೊನಿಕದಿಂದ ಆಜ್ಞೆ ಹೊರಡಿಸಿದ, ನೈಸಿಯಾ ನಂಬಿಕೆಯವರು ಮಾತ್ರ ಕ್ಯಾಥೊಲಿಕ್ ಕ್ರೈಸ್ತರು, ಉಳಿದವರು ಪಾಷಂಡಿಗಳು ಅಂತ. 381ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಸಭೆ ಅದಕ್ಕೆ ಮುದ್ರೆ ಒತ್ತಿತು. ಸುಮಾರು 383ರಲ್ಲಿ, ವಾದವಿವಾದಕ್ಕೆಂದು ಚಕ್ರವರ್ತಿ ಕರೆಸಿದಾಗ ಎಪ್ಪತ್ತು ದಾಟಿದ ಉಲ್ಫಿಲ ರಾಜಧಾನಿಗೆ ಹೋದ. ಅಲ್ಲಿ ತಲುಪಿದವನೇ ಕಾಯಿಲೆ ಬಿದ್ದ, ತೀರಿಕೊಂಡ. ಬಿಷಪ್ ಆಗಿ ನಲವತ್ತು ವರ್ಷ ಅಂತ ಆಕ್ಸೆಂಟಿಯಸ್ ಲೆಕ್ಕ ಹಾಕುತ್ತಾನೆ. ಇಸ್ರಾಯೇಲರನ್ನು ಆಳಿದ ದಾವೀದನಿಗೂ ನಲವತ್ತು ವರ್ಷ ಅಂತ ಹೋಲಿಸಿ ಖುಷಿಪಡುತ್ತಾನೆ, ಶಿಷ್ಯ ತಾನೆ.

ಅವನ ಚರ್ಚು ಅವನ ಜೊತೆ ಸಾಯಲಿಲ್ಲ. ಇಟಲಿಯನ್ನು ಆಳಿದ ಗೋಥ ರಾಜ ಥಿಯೊಡೊರಿಕ್ ರವೆನ್ನಾದಲ್ಲಿ ಅದೇ ನಂಬಿಕೆಯ ಚರ್ಚುಗಳನ್ನು ಕಟ್ಟಿಸಿದ, ಮೊಸಾಯಿಕ್ ಚಿತ್ರಗಳ ಸಮೇತ ಅವು ಇವತ್ತಿಗೂ ಇವೆ. ಸ್ಪೇನಿನ ಗೋಥರು ಮಾತ್ರ 589ರಲ್ಲಿ, ರಾಜ ರೆಕ್ಕಾರೆಡ್ ಕಾಲದಲ್ಲಿ, ಟೊಲೆಡೊ ಸಭೆಯಲ್ಲಿ ನೈಸಿಯಾ ಕಡೆ ಬಂದರು. ಏರಿಯನ್ ಪುಸ್ತಕಗಳನ್ನು ತರಿಸಿ ಸುಟ್ಟರು ಎಂದು ಒಂದು ಹಳೆಯ ವೃತ್ತಾಂತ ಹೇಳುತ್ತದೆ. ಇಟಲಿಯ ಬೊಬ್ಬಿಯೊ ಮಠದಲ್ಲಿ ಉಳಿದಿದ್ದ ಗೋಥಿಕ್ ಚರ್ಮದ ಹಾಳೆಗಳನ್ನು ಕೆರೆದು ಮೇಲೆ ಲ್ಯಾಟಿನ್ ಬರೆದರು. ಅದಕ್ಕೆ ದ್ವೇಷ ಕಾರಣ ಅಂತ ನಾನು ಹೇಳಲಾರೆ. ಚರ್ಮ ದುಬಾರಿ, ಓದುವವರು ಯಾರೂ ಇರಲಿಲ್ಲ. 1817ರಲ್ಲಿ ಆಂಜೆಲೊ ಮಾಯ್ ಮಿಲಾನಿನಲ್ಲಿ ಅಂಥ ಹಾಳೆಗಳನ್ನು ಗುರುತಿಸಿದ. ಪೌಲನ ಪತ್ರಗಳ ಗೋಥಿಕ್ ಅನುವಾದದ ಬಹುಪಾಲು ನಮಗೆ ಸಿಕ್ಕಿದ್ದು ಹಾಗೆ.

ಮೊದಲ ಪ್ರಶ್ನೆ: ಇದು ನಮ್ಮ ಮಧ್ವರ ತಾರತಮ್ಯದ ಹಾಗೇ ಇದೆಯಲ್ಲ?

ಕೇಳುತ್ತೀರಿ ಅಂತ ಗೊತ್ತಿತ್ತು. ಮೇಲೆ ಒಬ್ಬ, ಅವನ ಕೆಳಗೆ ಒಬ್ಬ, ಅವನ ಕೆಳಗೆ ಇನ್ನೊಬ್ಬ ಅನ್ನುವಷ್ಟು ಮಟ್ಟಿಗೆ ಹೌದು, ನಮಗೆ ಗೊತ್ತಿರುವ ಆಕಾರ. ಅಲ್ಲಿಂದ ಮುಂದೆ ದಾರಿ ಬೇರೆ. ಮಧ್ವರಲ್ಲಿ ಜಗತ್ತಿನ ಸೃಷ್ಟಿ ಸರ್ವೋತ್ತಮನಾದ ವಿಷ್ಣುವಿನದೇ. ಉಲ್ಫಿಲನಲ್ಲಿ ಅದು ಎರಡನೆಯವನ ಕೆಲಸ. ಮಧ್ವರಲ್ಲಿ ಜೀವರು ಅನಾದಿ, ವಾಯುವೂ ಸೇರಿ. ಉಲ್ಫಿಲನಲ್ಲಿ ಮಗನಿಗೆ ಮೂಲ ಇದೆ, ತಂದೆಯ ಇಚ್ಛೆಯೇ ಆ ಮೂಲ. ಎರಡನ್ನೂ ಒಂದೇ ಅಂದರೆ ಇಬ್ಬರೂ ನಮ್ಮ ಮೇಲೆ ಖಂಡನೆ ಬರೆಯುತ್ತಾರೆ. ಇಬ್ಬರಿಗೂ ಅದು ಚೆನ್ನಾಗಿ ಬರುತ್ತಿತ್ತು.

ಎರಡನೆಯದು: ಮೂಲ ನೋಡಬೇಕೆಂದರೆ ಎಲ್ಲಿ ಹೋಗಬೇಕು?

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ. 'ಬೆಳ್ಳಿಯ ಪುಸ್ತಕ' ಎಂದು ಹೆಸರಾದ ಸುವಾರ್ತೆಗಳ ಪ್ರತಿ ಅಲ್ಲಿದೆ, ಕೋಡೆಕ್ಸ್ ಅರ್ಜೆಂಟಿಯಸ್. ಆರನೇ ಶತಮಾನದ್ದು, ಪ್ರಾಯಶಃ ಥಿಯೊಡೊರಿಕನ ಕಾಲದ ರವೆನ್ನಾದಲ್ಲಿ ತಯಾರಾದದ್ದು. ನೇರಳೆ ಬಣ್ಣ ಕಟ್ಟಿದ ಚರ್ಮದ ಮೇಲೆ ಬೆಳ್ಳಿಯ ಶಾಯಿ, ಕೆಲವು ಸಾಲುಗಳು ಚಿನ್ನದ ಶಾಯಿಯಲ್ಲಿ. ಮತ್ತಾಯನ ನಂತರ ಯೋಹಾನ ಬರುತ್ತಾನೆ, ಆಮೇಲೆ ಲೂಕ, ಕೊನೆಗೆ ಮಾರ್ಕ. ಮೊದಲು 336 ಹಾಳೆ ಇತ್ತು, ಈಗ 188. ಜರ್ಮನಿಯ ವೆರ್ಡನ್ ಮಠದಲ್ಲಿ ಹದಿನಾರನೇ ಶತಮಾನದಲ್ಲಿ ಕಣ್ಣಿಗೆ ಬಿತ್ತು, ಅಲ್ಲಿಂದ ಪ್ರಾಗ್ ಸೇರಿತು, 1648ರಲ್ಲಿ ಸ್ವೀಡನ್ನಿನ ಸೈನ್ಯ ಲೂಟಿಯಲ್ಲಿ ಒಯ್ದಿತು. 188ರಲ್ಲಿ ಒಂದು ಹಾಳೆ ಉಪ್ಸಾಲಾದಲ್ಲಿ ಇಲ್ಲ, ಅದು 1970ರಲ್ಲಿ ಜರ್ಮನಿಯ ಸ್ಪೆಯರ್ ಕ್ಯಾಥೆಡ್ರಲ್ಲಿನಲ್ಲಿ ಸಿಕ್ಕಿತು, ಮಾರ್ಕನ ಕೊನೆಯ ಹಾಳೆ. ಪುಸ್ತಕದ ಚಿತ್ರಗಳು ಅಂತರ್ಜಾಲದಲ್ಲಿವೆ, ಮನೆಯಲ್ಲೇ ಕೂತು ನೋಡಬಹುದು. ಆದರೆ ಮೊದಲು ಆಕ್ಸೆಂಟಿಯಸನ ಪತ್ರ ಓದಿ. ಚಿಕ್ಕದು, ಇಂಗ್ಲಿಷಿಗೆ ಅನುವಾದವಾಗಿದೆ. ಬೈಗುಳದ ಪಟ್ಟಿ ಬಂದಾಗ ಹಾರಿಸಬೇಡಿ, ಅವನ ದೇವತಾಶಾಸ್ತ್ರದ ಅರ್ಧ ಅಲ್ಲೇ ಇದೆ.